ಯರಗುಪ್ಪಿಯ ಗೋಡೆಯ ಮೇಲೆ ಚಿಕಾಗೊ

ನಮ್ಮ ಕಾಕಾ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಿಂದ ಹೊರಬೀಳಲು ನಾಲ್ಕು ಮಂದಿಯನ್ನು ದಾರಿ ಕೇಳುತ್ತಾರೆ. ಆದರೆ ಚಿಕಾಗೊದ ಓಣಿಗಳ ಬಗ್ಗೆ ಕೇಳಿ ನೋಡಿ! ಅದೂ ಈಗಿನ ಚಿಕಾಗೊ ಅಲ್ಲ, ನೂರು ವರ್ಷಕ್ಕೂ ಹಿಂದಿನದು. ಯಾರೋ ಪುಣ್ಯಾತ್ಮ ಮೊಬೈಲಿಗೆ ಕಳಿಸಿದ ಹಳೆಯ ಫೋಟೊಗಳು ಅವರ ತಲೆ ಕೆಡಿಸಿದ್ದವು.

ನಮ್ಮೂರು ಯರಗುಪ್ಪಿಯ ಮನೆಯ ಕಟ್ಟೆಯ ಮೇಲೆ ಕೂತು ಅವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದೇ ಕೆಲಸ.

"ನೋಡಲೇ, ಊರು ಜ್ವಾಳ ಬೆಳದಂಗ ಬೆಳದೈತಿ. ಖರೇ ರಸ್ತೆ ಅಗದಿ ನಮ್ಮ ಎರಿ ಹೊಲದಂಗ ರಾಡಿ! ಗಾಡಿ ಹುಗದೈತಿ. ಕುದುರಿ ಏನ್ ಎಳೀತೈತಿ? ಎತ್ತು ಹೂಡಬೇಕಿತ್ತು."

ಎತ್ತು ಹೂಡದ್ದಕ್ಕೇ ಅಮೆರಿಕದವರು ಮೋಟಾರಿನ ಬೆನ್ನು ಹತ್ತಬೇಕಾಯಿತು ಎಂಬುದು ಅವರ ಖಚಿತ ಅಭಿಪ್ರಾಯ!

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಟ್ಟಾರೆಯೇ? ರಸ್ತೆ ಅಗೆಯುವ ಕೂಲಿಗಳ ಫೋಟೊ ಒಂದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ನನ್ನ ಅಜ್ಜಿ ಮತ್ತು ಅಪ್ಪನ ಫೋಟೊಗಳ ಪಕ್ಕಕ್ಕೇ ತೂಗುಹಾಕಿದರು. ಹೋದ ವರ್ಷ ಹಿರಿಯರ ಹಬ್ಬಕ್ಕೆ ಬಂದ ಬೀಗರು ಅದಕ್ಕೂ ವಿಭೂತಿ ಹಚ್ಚಿ ಕೈ ಮುಗಿದರು.

"ಭಾಳ ದೊಡ್ಡ ಮನಿತನ ಬಿಡ್ರಿ. ಎಲ್ಲಾರೂ ಟೊಪಗಿ ಹಾಕ್ಯಾರಲ್ರಿ, ಮಿಲ್ಟ್ರ್ಯಾಗ ಇದ್ರೇನ್ರಿ?"

ಕಾಕಾ ಗಂಭೀರವಾಗಿ ಹೂಂ ಅಂದುಬಿಟ್ಟರು!

ಈ ಸಲ ಅವರ ಹೆಂಡತಿ, ನಮ್ಮ ಚಿಗವ್ವ, ಹಟ ಹಿಡಿದಳು. "ತೀರಿಕೊಂಡ ನಮ್ಮ ಹಿರ್ಯಾರಿಗೆ ಎಡಿ ಹಿಡಿಯೂ ದಿನ ಇದು. ಆ ಪರದೇಶಿ ಮಂದಿ ಗ್ವಾಡಿಯಿಂದ ಇಳಿಯೂಮಟಾ ನಾ ಹೋಳಿಗಿ ಹೆಂಚು ಇಡೂದಿಲ್ಲ. ನೀನಽ ಹೇಳಪಾ ಅವರಿಗೆ."

ಹೋಳಿಗೆ ತಿನ್ನಲೆಂದೇ ಬಂದಿದ್ದ ನನ್ನ ಕೊರಳಿಗೆ ಸಂಧಾನ ಬಿತ್ತು.

"ಕಾಕಾ, ಇವರೆಲ್ಲಾ ನಮಗ ಏನಾಗಬೇಕ್ರಿ?" ಎಂದೆ.

ಕಾಕಾ ಎದ್ದು ಹೋಗಿ ಫೋಟೊದ ಮೂಲೆಯಲ್ಲಿದ್ದ ಒಬ್ಬನ ಮೇಲೆ ಬೆರಳಿಟ್ಟರು. ಗುದ್ದಲಿ ಹಿಡಿದು ನಮಗೆ ಬೆನ್ನು ಮಾಡಿ ನಿಂತಿದ್ದ ಆಳು. ಮುಖವೇ ಕಾಣುವುದಿಲ್ಲ.

"ನಮ್ಮಪ್ಪಂದು ಒಂದೂ ಫೋಟೊ ಇಲ್ಲಲೇ. ಅಂವ ಹೋದಾಗ ನಾ ಭಾಳ ಸಣ್ಣಾಂವ. ನಿಮ್ಮಪ್ಪಗ ಮಾರಿ ನೆನಪಿತ್ತು, ಅಂವನೂ ಹ್ವಾದ. ನಾ ಹೊಲದಾಗ ಅಪ್ಪನ ಹಿಂದ ಹಿಂದ ಅಡ್ಡಾಡತಿದ್ದೆ. ನನಗ ಬೆನ್ನಷ್ಟಽ ನೆನಪೈತಿ. ಹಿಂಗಽ, ಎಡಕ್ಕ ವಾಲಿ ನಿಂದರತಿದ್ದ."

ಎಂದೂ ಕಾಣದ ಅಜ್ಜನನ್ನು ನೋಡುತ್ತ ನಿಂತೆ.

ಬಾಗಿಲಲ್ಲಿ ಕೇಳುತ್ತಿದ್ದ ಚಿಗವ್ವ ಹಿಟ್ಟಿನ ಕೈ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆಳೆದು, ಮಾವನ ಬೆನ್ನಿಗೆ ಬಗ್ಗಿ ನಮಸ್ಕಾರ ಮಾಡಿ ಹೆಂಚು ಇಡಲು ಒಳಗೆ ಹೋದಳು.