ಚುಕ್ಕಿಯ ತೂಕವೂ ಟಗರಿನ ಗೋಣಿತಟ್ಟೂ

ಈ ದೇಶದಲ್ಲಿ ಎಲ್ಲದಕ್ಕೂ ಒಂದು ವಯಸ್ಸು ಗೊತ್ತುಮಾಡಿಟ್ಟಿದ್ದಾರೆ. ಶಾಲೆಗೆ ಸೇರಲು ಇಷ್ಟು, ವೋಟು ಹಾಕಲು ಇಷ್ಟು, ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗೆ ಇಷ್ಟು. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನ್ನನ್ನು ಅರವತ್ತು ತುಂಬಿದ ತಿಂಗಳೇ ಹಾರ ಹಾಕಿ ಮನೆಗೆ ಕಳಿಸಿದರು. ಇವನ ಕೈಲಿ ಇನ್ನೂ ಪಾಠ ಮಾಡಲಾಗುತ್ತದೋ ಇಲ್ಲವೋ ಎಂದು ಯಾರೂ ಹಲ್ಲು ನೋಡಲಿಲ್ಲ, ಬೆನ್ನು ಸವರಲಿಲ್ಲ, ತಕ್ಕಡಿಗೆ ಹಾಕಲಿಲ್ಲ. ಆದರೆ ಎಳೆಯ ಹೆಣ್ಣು ಕುರಿಗೆ ಟಗರು ಬಿಡಲು ಯಾವಾಗ ಹದ ಎಂದು ನಮ್ಮ ಬಿಳಿಚೋಡಿನಲ್ಲಿ ಕೇಳಿ ನೋಡಿ. ಊರಲ್ಲಿ ಎಷ್ಟು ಬಾಯಿಗಳಿವೆಯೋ ಅಷ್ಟು ಉತ್ತರ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿವೃತ್ತಿಯಾದ ಮೇಲೆ ಹೊತ್ತು ಹೋಗಲಿ ಎಂದು ಹಿತ್ತಿಲಲ್ಲಿ ಬೇಲಿ ಕಟ್ಟಿ ರೊಪ್ಪ ಮಾಡಿ ಹನ್ನೆರಡು ಕುರಿ, ಒಂದು ಟಗರು ಸಾಕಿದೆ. ಸಾಕಿದೆ ಎನ್ನುವುದು ನನ್ನ ಮಾತು. ಮೇವು, ನೀರು, ಕಸ ಎಲ್ಲ ನನ್ನ ಹೆಂಡತಿ ಸರೋಜಳದು, ನನ್ನದು ಮೇಲ್ವಿಚಾರಣೆ. ಹೋದ ವರ್ಷ ಬೆಳ್ಳಿ ಎಂಬ ಎಳೆಯ ಕುರಿಗೆ ಅವಸರಪಟ್ಟು ಟಗರು ಬಿಡಿಸಿದವನು ನಾನೇ. ನೋಡಲು ದುಂಡಗಿತ್ತು, ಹದಕ್ಕೆ ಬಂದಿದೆ ಅಂದುಕೊಂಡೆ. ದುಂಡಗಿದ್ದದ್ದು ತುಪ್ಪಳ, ಮೈಯಲ್ಲ ಎಂದು ತಿಳಿದದ್ದು ಅದು ಈಯುವ ದಿನ. ಮರಿ ಹೊರಗೆ ಬರಲಿಲ್ಲ, ತಾಯಿಯೂ ಉಳಿಯಲಿಲ್ಲ. ಮೂರನೆಯ ದಿನ ಸರೋಜ ರೊಟ್ಟಿ ತಟ್ಟುತ್ತಾ, ತಲೆ ಎತ್ತದೆ, "ಚುಕ್ಕಿಗೂ ಹಿಂಗೇ ಆದ್ರೆ ನಿಮ್ಮನ್ನ ರೊಪ್ಪದ ಬಾಗಿಲಿಗೂ ಬಿಡಂಗಿಲ್ಲ ನೋಡ್ರಿ" ಎಂದಳು. ಚುಕ್ಕಿ ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಮರಿ. ತಾಯಿಗೆ ಹಾಲಿಲ್ಲದೆ ಸಾಯಬೇಕಾಗಿದ್ದದ್ದು ಅವಳ ಸೆರಗು ಚೀಪಿ ಬದುಕಿತ್ತು. ನನಗೂ ಬೆಳ್ಳಿಯ ಕಣ್ಣು ಮರೆತಿರಲಿಲ್ಲ. ಈ ಸಲ ತಪ್ಪಬಾರದು ಎಂದು ನಿಜವಾಗಿಯೇ ಹಟ ತೊಟ್ಟೆ.

ಟಗರು ನಮ್ಮಲ್ಲಿ ಬೇರೆ ಇರುವುದಿಲ್ಲ, ಕುರಿಗಳ ಜೊತೆಗೇ ಇರುತ್ತದೆ. ಬೇಡದ ಕಾಲದಲ್ಲಿ ಅದರ ಹೊಟ್ಟೆಯ ಕೆಳಗೆ ಗೋಣಿತಟ್ಟು ಇಳಿಬಿಟ್ಟು ಬೆನ್ನ ಮೇಲೆ ದಾರ ಬಿಗಿಯುತ್ತಾರೆ. ಊರವರು ಅದನ್ನು ಟಗರಿನ ಲಂಗೋಟಿ ಎನ್ನುತ್ತಾರೆ. ಆ ಲಂಗೋಟಿ ಇರುವವರೆಗೆ ಟಗರು ಎಷ್ಟು ಗುಟುರು ಹಾಕಿದರೂ ಏನೂ ನಡೆಯದು. ಅದನ್ನು ಬಿಚ್ಚುವ ದಿನ ಯಾವುದು ಎಂಬುದೇ ಪ್ರಶ್ನೆ.

ಮೊದಲು ಓಬಜ್ಜನನ್ನು ಕೇಳಿದೆ. ಎಂಟು ವರ್ಷದವನಿದ್ದಾಗಿನಿಂದ ಕುರಿ ಕಾಯ್ದ ಮುದುಕ. ಚುಕ್ಕಿಯ ತುಟಿ ಎತ್ತಿ ನೋಡಿ, "ಎಲ್ಲಾ ಹಾಲುಹಲ್ಲು. ಎರಡು ದೊಡ್ಡಹಲ್ಲು ಬರ್ಲಿ, ಆಮೇಲೆ ನೋಡಾನ" ಎಂದ. ಯಾವಾಗ ಬರುತ್ತವೆ ಎಂದರೆ, "ಬಂದಾಗ ಬರ್ತಾವೆ." ಇದು ಉತ್ತರವೇ? ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಸರೋಜ ಬೆನ್ನ ಮೇಲೆ ಅಂಗೈ ಇಟ್ಟು, "ಮೂಳೆ ಕೈಗೆ ತಾಕ್ತೈತೆ, ಇನ್ನೂ ಬೆನ್ನು ತುಂಬಿಲ್ಲ" ಎಂದಳು. ಎಷ್ಟು ತಾಕಬೇಕು, ಎಷ್ಟು ತಾಕಬಾರದು, ಅದಕ್ಕೊಂದು ಅಳತೆ ಬೇಡವೇ ಎಂದು ಕೇಳಿದೆ. "ಕೈಗೆ ಗೊತ್ತಾಗ್ತೈತ್ರಿ" ಎಂದಳು. ಗೋವಿನಕೋವಿಯ ನನ್ನ ಷಡ್ಡಕ ರುದ್ರಪ್ಪ ಒಂದು ಕುರಿಯನ್ನೂ ಸಾಕಿದವನಲ್ಲ. ಅವನು ಫೋನಿನಲ್ಲಿ ಚುಕ್ಕಿಯ ಫೋಟೊ ನೋಡಿ, "ಭಾವಾ, ಇದು ಯಾವತ್ತೋ ರೆಡಿ ಆಗೈತೆ, ಸುಮ್ನೆ ಒಂದು ವರ್ಷ ವೇಸ್ಟ್ ಮಾಡಾಕೆ ಹತ್ತೀರಿ" ಎಂದ. ಹೋಟೆಲಿನಲ್ಲಿ ಚಹಾ ಕುಡಿಯುವವರೂ ಅವನ ಪಕ್ಷವೇ. ಮೇಷ್ಟ್ರು ಕುರಿಗೆ ಜಾತಕ ಬರೆಸುತ್ತಿದ್ದಾರೆ ಎಂದು ಒಬ್ಬ ನಕ್ಕ. ಅವನ ಅಣ್ಣ ಗಣಿತದಲ್ಲಿ ಮೂರು ಸಲ ಫೇಲಾದವನು, ನಾನು ಮರೆತಿಲ್ಲ.

ಈ ಹಲ್ಲು, ಬೆನ್ನು, ಫೋಟೊ ಎಲ್ಲ ಸಾಕು, ಲೆಕ್ಕವೇ ಸರಿ ಎಂದು ತೀರ್ಮಾನಿಸಿದೆ. ಬೆಳೆದ ಕುರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಾದರೂ ಬಂದಿರಬೇಕು ಎಂದು ಎಲ್ಲೋ ಕೇಳಿದ್ದೆ. ಚುಕ್ಕಿಯ ತಾಯಿ ಮೂವತ್ತಮೂರು ಕಿಲೊ. ಹಾಗಾದರೆ ಚುಕ್ಕಿ ಇಪ್ಪತ್ತೆರಡು ತೂಗಬೇಕು. ಇದಕ್ಕಿಂತ ಸ್ಪಷ್ಟವಾದದ್ದು ಬೇಕೇ? ಒಂದು ಭಾನುವಾರ ಬೆಳಿಗ್ಗೆ ಕೊಕ್ಕೆಯ ತಕ್ಕಡಿ ತಂದು ಬೇವಿನ ಕೊಂಬೆಗೆ ಕಟ್ಟಿದೆ. ಕುರಿಯನ್ನು ತೂಗುಹಾಕಲು ಅಗಲವಾದ ಗಟ್ಟಿ ಬಟ್ಟೆ ಬೇಕು. ಸೀರೆ ಕೇಳಿದ್ದಕ್ಕೆ ಸರೋಜ, "ನಿಮ್ಮ ಪಂಚೆ ಐತಲ್ಲ" ಎಂದು ಹೇಳಿ ಸಂತೆಗೆ ಹೋದಳು. ಪಂಚೆ ಚುಕ್ಕಿಯ ಒಂದೇ ಒದೆತಕ್ಕೆ ಹರಿಯಿತು. ಸುತ್ತ ನೋಡಿದೆ. ಹೇಳಿ ಮಾಡಿಸಿದಂಥ ಬಟ್ಟೆ ಕಣ್ಣೆದುರೇ ಇತ್ತು. ಅಗಲ ಸರಿ, ಗಟ್ಟಿ, ನಾಲ್ಕು ಮೂಲೆಗೂ ದಾರ ಬೇರೆ. ಬಿಚ್ಚಿಕೊಂಡೆ.

ಹತ್ತೊಂಬತ್ತೂವರೆ ಕಿಲೊ. ನನಗಾದ ಸಂತೋಷ ಹೇಳತೀರದು. ಎರಡೂವರೆ ಕಿಲೊ ಕಡಿಮೆ, ಅಂದರೆ ಇನ್ನೂ ಆಗಿಲ್ಲ, ನಾನು ಕಾದದ್ದೇ ಸರಿ. ಚುಕ್ಕಿಯನ್ನು ರೊಪ್ಪಕ್ಕೆ ಬಿಟ್ಟು, ತಟ್ಟನ್ನು ಹೆಗಲಿಗೆ ಹಾಕಿಕೊಂಡು ನೇರ ಹೋಟೆಲಿಗೆ ಹೋದೆ. ಒಬ್ಬೊಬ್ಬರಿಗೂ ಲೆಕ್ಕ ಬಿಡಿಸಿ ಹೇಳಿದೆ. ರುದ್ರಪ್ಪನಿಗೂ ಫೋನು ಮಾಡಿ ಬೈದೆ. ಕಡೆಗೆ ಓಬಜ್ಜನ ಕಟ್ಟೆಗೆ ಹೋಗಿ, ಹಲ್ಲಿನ ಶಾಸ್ತ್ರ ಬಿಟ್ಟು ಗಣಿತ ಕಲಿ ಎಂದು ಅರ್ಧ ತಾಸು ಪಾಠ ಮಾಡಿದೆ. ಓಬಜ್ಜ ಎಲ್ಲ ಕೇಳಿಸಿಕೊಂಡು, "ಅದು ಸರಿ ಮೇಷ್ಟ್ರೆ, ಹೆಗಲ ಮ್ಯಾಲೆ ಏನದು?" ಎಂದ.

"ಟಗರಿನ ತಟ್ಟು."

"ಹಂಗಾರೆ ಟಗರಿಗೆ ಏನ್ ಕಟ್ಟಿ ಬಂದೀರಿ?"

ಹೈಸ್ಕೂಲು ಬಿಟ್ಟ ಮೇಲೆ ನಾನು ಹಾಗೆ ಓಡಿದ್ದು ಅದೇ ಮೊದಲು. ರೊಪ್ಪದ ಮೂಲೆಯಲ್ಲಿ ಟಗರು ಸಾವಕಾಶವಾಗಿ ಮೆಲುಕು ಹಾಕುತ್ತಿತ್ತು. ಚುಕ್ಕಿ ಅದರ ಪಕ್ಕದಲ್ಲೇ ನಿಂತಿತ್ತು.

ಸಂತೆಯಿಂದ ಬಂದ ಸರೋಜಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಚುಕ್ಕಿಯ ಬೆನ್ನ ಮೇಲೆ ಕೈ ಇಟ್ಟು ಮೂಳೆ ತಡವಿದಳು. ಬೈದಿದ್ದರೆ ಚೆನ್ನಾಗಿತ್ತು. ಗಬ್ಬ ನಿಂತದ್ದು ಖಾತ್ರಿಯಾದ ಮೇಲೆ ಐದು ತಿಂಗಳು ತುಂಬುವವರೆಗೆ ಶೇಂಗಾ ಹೊಟ್ಟು, ಜೋಳದ ನುಚ್ಚು ಎಂದು ಅವಳು ಅಳೆದು ಅಳೆದು ಹಾಕಿದಳು. ಹೆಚ್ಚು ತಿಂದರೆ ಮರಿ ದಪ್ಪವಾಗಿ ಸಿಕ್ಕಿಕೊಳ್ಳುತ್ತದೆ, ಕಡಿಮೆ ತಿಂದರೆ ತಾಯಿ ಸೊರಗುತ್ತದೆ ಎಂದು ಓಬಜ್ಜ ಹೇಳಿದ್ದ. ನಾನು ಸೊರಗಿದ್ದನ್ನು ಯಾರೂ ನೋಡಲಿಲ್ಲ.

ಒಂದು ಮಧ್ಯಾಹ್ನ ಚುಕ್ಕಿ ಈಯುವ ನೋವಿಗೆ ಕಾಲಿನಿಂದ ನೆಲ ಕೆರೆಯತೊಡಗಿತು. ಓಬಜ್ಜ ಬಂದು ಪಕ್ಕದಲ್ಲಿ ಕುಂತ. ನಾನು ಬೇವಿನ ಮರದ ಹಿಂದೆ ನಿಂತು ಮುಖ ಆ ಕಡೆ ಮಾಡಿದೆ, ಬೆಳ್ಳಿಯ ದಿನವೂ ಅಲ್ಲೇ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಸರೋಜ, "ಬರ್ರಿ, ಬದುಕೀರಿ" ಎಂದಳು. ಅಂಗೈಯಷ್ಟು ಹೆಣ್ಣುಮರಿ. ಚುಕ್ಕಿ ಅದನ್ನು ನೆಕ್ಕುತ್ತಿತ್ತು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಆದರೆ ಜನ ನೋಡಿ. ಅರ್ಧ ಗಂಟೆಯಲ್ಲೇ ರುದ್ರಪ್ಪನ ಫೋನು: "ನಾ ಹೇಳಿರ್ಲಿಲ್ವಾ ಭಾವಾ, ರೆಡಿ ಐತೆ ಅಂತ?" ಫೋನು ಇಟ್ಟು, ಇನ್ನು ಈ ಮರಿಗಾದರೂ ಮೊದಲೇ ಒಂದು ನಿಯಮ ಬರೆದಿಡಬೇಕು, ಹಲ್ಲೋ ಬೆನ್ನೋ ತೂಕವೋ ಇವತ್ತೇ ಇತ್ಯರ್ಥವಾಗಲಿ ಎಂದು ಗದರಿದೆ.

ಸರೋಜ ಮರಿಯ ಮೈ ಒರೆಸುತ್ತಾ, "ಹಲ್ಲೂ ಬರ್ಲಿ, ಬೆನ್ನೂ ತುಂಬ್ಲಿ, ತೂಕಾನೂ ಆಗ್ಲಿ. ಎಲ್ಲಕ್ಕಿಂತ ಮೊದ್ಲು ನಮ್ಮನೆಯವ್ರಿಗೆ ಬುದ್ಧಿ ಬರ್ಲಿ. ಅಲ್ಲಿಗಂಟ ಕಾಯಾನ" ಎಂದಳು.

ಏನಂದೆ ಎಂದು ನಾನು ಸಿಟ್ಟಿನಿಂದ ಬಾಯಿ ತೆರೆದೆ. ಓಬಜ್ಜ ಕೈ ತೊಳೆಯುತ್ತಿದ್ದವನು, ಹಳೆಯ ಅಭ್ಯಾಸ ನೋಡಿ, ಬಗ್ಗಿ ನನ್ನ ಹಲ್ಲಿನ ಕಡೆ ಕಣ್ಣು ಹಾಯಿಸಿದ.

"ಕಾಯಬ್ಯಾಡ ತಾಯಿ" ಎಂದ. "ಇವ್ರದ್ದು ವಯಸ್ಸು ದಾಟಿ ಹೋಗೈತೆ."