ಕಿವಿ, ನಾಲಿಗೆ ಮತ್ತು ನನ್ನ ನಡುಕ

ಹೆದರುಪುಕ್ಕಲನನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಯಾಕೆ ಬರುತ್ತವೋ ನನಗಂತೂ ತಿಳಿಯದು. ಊರೂರಿಗೂ ಪ್ಲೇಗು ಬಂದು ಹೋಗುತ್ತಿದ್ದ ಕಾಲದಲ್ಲಿ ನಾನು ಮದರಾಸಿಗೆ ಡಾಕ್ಟರಿಕೆ ಓದಲು ಹೋದೆ. ಕಿವಿ ಕೇಳದವರಿಗೆ, ಮಾತು ತಡವರಿಸುವವರಿಗೆ ಏನಾದರೂ ಮಾಡಬೇಕೆಂಬ ಹುಚ್ಚು ನನ್ನದು. ಆ ವಿದ್ಯೆಗೆ ಆಗ ನಮ್ಮಲ್ಲಿ ಬೇರೆ ತರಗತಿಯೂ ಇಲ್ಲ, ಹೆಸರೂ ಇಲ್ಲ; ಕಿವಿ, ಗಂಟಲಿನ ಪಾಠಕ್ಕೆ ಬಾಲದಂತೆ ಅಂಟಿಕೊಂಡಿತ್ತು. ಪ್ರೊಫೆಸರನ್ನು ಕಂಡರೆ ನನ್ನ ಬಾಯಿ ಒಣಗುತ್ತಿತ್ತು. ರೋಗಿಗಳು ನನಗೆ ಹೆದರುತ್ತಿದ್ದರು, ನಾನು ರೋಗಿಗಳಿಗೆ ಹೆದರುತ್ತಿದ್ದೆ.

೧. ಕವಲುಕಡ್ಡಿ

ಕಿವಿ ಪರೀಕ್ಷೆಗೆ ಉಕ್ಕಿನ ಕವಲುಕಡ್ಡಿಯೊಂದಿರುತ್ತದೆ. ಬಡಿದರೆ ಗುಂಯ್ ಎನ್ನುತ್ತದೆ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಸದ್ದು ಎಷ್ಟು ಹೊತ್ತು ಕೇಳುತ್ತದೆಂದು ನೋಡುತ್ತಾರೆ. ಪ್ರೊಫೆಸರು ಒಂದು ದಿನ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದರು.

"ಕಣ್ಣು ಮುಚ್ಚು. ಸದ್ದು ನಿಂತ ಕೂಡಲೇ ಕೈ ಎತ್ತು."

ಕಡ್ಡಿ ತಾಗಿತು. ಅವರ ಉಸಿರೂ ಕುತ್ತಿಗೆಗೆ ತಾಗಿತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಗುಂಯ್ ಎನ್ನುತ್ತಿರುವುದು ಕಡ್ಡಿಯೋ ನನ್ನ ರಕ್ತವೋ ಗೊತ್ತಾಗಲಿಲ್ಲ. ಬೇಗ ಎತ್ತಿದರೆ ಕಿವುಡ ಅಂದಾರೆಂದು ಕೈ ಎತ್ತದೆ ಕೂತೆ. ಕೊನೆಗೆ ಯಾರೋ ಕಿಸಕ್ಕೆಂದರು. ಕಣ್ಣು ಬಿಟ್ಟರೆ ಪ್ರೊಫೆಸರು ಆ ತುದಿಯ ಮೇಜಿನ ಬಳಿ ಕೂತು ಚಹಾ ಕುಡಿಯುತ್ತಿದ್ದಾರೆ.

"ಇಂಥ ಕಿವಿ ಪುಸ್ತಕದಲ್ಲೂ ಸಿಗಲ್ಲ, ನೋಡಿಕೊಳ್ಳಿ," ಎಂದರು ತರಗತಿಗೆ. "ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಕಡ್ಡಿಯೂ ಇವನಿಗೆ ಕೇಳಿಸುತ್ತೆ."

೨. ಕಿವಿ ಬಂದ ಅವ್ವ

ರಜೆಯಲ್ಲಿ ಚಳ್ಳಕೆರೆಯ ಆಸ್ಪತ್ರೆಯ ಡಾಕ್ಟರ ಕೈಕೆಳಗೆ ಕಲಿಯುತ್ತಿದ್ದೆ. ದೊಡ್ಡಉಳ್ಳಾರ್ತಿಯ ಕುರಿಗಾರನೊಬ್ಬ ಮುದುಕಿ ತಾಯಿಯನ್ನು ಗಾಡಿಯಲ್ಲಿ ಕರೆತಂದ.

"ಅವ್ವಗೆ ಹೋದ ಸುಗ್ಗಿಯಿಂದ ಏನೂ ಕೇಳ್ಸಲ್ರೀ. ಕೂಗಿ ಕೂಗಿ ನನ್ನ ಹೆಂಡ್ತಿ ಗಂಟ್ಲು ಬಿದ್ದೈತೆ."

ಮುದುಕಿಯ ಬೆನ್ನ ಹಿಂದೆ ನಿಂತು "ರಾಗಿ" ಎಂದು ಪಿಸುಗುಟ್ಟಿದೆ. ಅಲುಗಲಿಲ್ಲ. "ಕಂಬಳಿ" ಎಂದು ಕೂಗಿದೆ. ಅಲುಗಲಿಲ್ಲ. ಕವಲುಕಡ್ಡಿ ಹಿಡಿದೆ, ಕಲ್ಲಿನಂತೆ ಕೂತಿದ್ದಳು. ಇದು ನರವೇ ಸತ್ತ ಕಿವುಡು. ಮಗನಿಗೆ ಈ ಮಾತನ್ನು ಹೇಗೆ ಹೇಳುವುದು ಎಂದು ಬೆವರುತ್ತಿದ್ದೆ.

ಅಷ್ಟರಲ್ಲಿ ಡಾಕ್ಟರು ಜಗಲಿಯಿಂದ ಇಣುಕಿ ಮೆಲ್ಲಗೆ ಕೇಳಿದರು: "ಪ್ಲೇಗಿನ ಸೂಜಿ ಕುದಿಸಿಟ್ಟಿದ್ದೀಯೇನಪ್ಪ?"

ಪ್ಲೇಗು ಬರದಂತೆ ಹಾಕುವ ಆ ಸೂಜಿ ಚುಚ್ಚಿಸಿಕೊಂಡವರು ಸತ್ತೇಹೋಗುತ್ತಾರೆಂದು ಸುತ್ತಲ ಹಳ್ಳಿಯವರ ನಂಬಿಕೆ. ನಾನು "ಹೂಂ" ಎನ್ನುವುದರೊಳಗೆ ಮುದುಕಿ ಸೀರೆ ಎತ್ತಿಕಟ್ಟಿ ಗೇಟು ದಾಟಿದ್ದಳು. ಮಗ ಹಿಂದೆಯೇ ಓಡಿದ.

ಸ್ವಲ್ಪ ಹೊತ್ತಿಗೆ ಅವನೊಬ್ಬನೇ ಏದುಸಿರು ಬಿಡುತ್ತ ವಾಪಸು ಬಂದ. ಕೈಯಲ್ಲಿ ಕುರಿ ಕಾಯುವ ಕೋಲು. ಹೊಡೆಯುತ್ತಾನೆಂದು ನಾನು ಕುರ್ಚಿಯ ಹಿಂದೆ ಸರಿದೆ.

"ಸ್ವಾಮಿ, ಅವ್ವಗೆ ಪೂರಾ ಕಿವಿ ಬಂತು," ಎಂದ. "ಸುಗ್ಗಿಯಿಂದ ನನ್ನ ಹೆಂಡ್ತಿ ಏನೇನಂದಿದ್ಲೋ ಅಷ್ಟೂ ದಾರಿ ತುಂಬ ಹೇಳ್ಕೋತ ಹೊಂಟವ್ಳೆ. ಮತ್ತೆ ಮೊದ್ಲಿನಂಗೇ ಮಾಡಕ್ಕಾಗುತ್ತೇನ್ರಿ?"

೩. ಮೊಳಕಾಲ್ಮೂರಿನ ಮದುಮಗ

ಇನ್ನೊಂದು ರಜೆಯಲ್ಲಿ ನಾನು ಉಳಿದುಕೊಂಡಿದ್ದ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಯುವಕನೊಬ್ಬನಿಗೆ ಮಾತು ತಡವರಿಸುತ್ತಿತ್ತು. ಮನೆಮಾತು ತೆಲುಗು, ತೆಲುಗಿನಲ್ಲೂ ತಡೆ, ಕನ್ನಡದಲ್ಲೂ ತಡೆ. ಅದರಿಂದಲೇ ಒಂದು ಸಂಬಂಧ ಮುರಿದಿತ್ತು. ಈಗ ಇನ್ನೊಂದು ಬಂದಿತ್ತು. "ಹುಡುಗನ ಮಾತು ಕೇಳಿ ಆಮೇಲೆ ಹೇಳ್ತೀನಿ" ಎಂದು ಹೆಣ್ಣಿನ ತಂದೆ ಹೇಳಿ ಕಳಿಸಿದ್ದರು. ಯುವಕ ನನ್ನ ಕೈ ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು. ನನ್ನದು ಇನ್ನೂ ತಣ್ಣಗಿತ್ತು, ಯಾಕೆಂದರೆ ಆವರೆಗೆ ನಾನು ಯಾರ ಮಾತನ್ನೂ ಸರಿಮಾಡಿರಲಿಲ್ಲ.

ಒಂದು ಮಾತ್ರ ಗಮನಿಸಿದ್ದೆ. ಮಗ್ಗ ಬಡಿಯುತ್ತ ಆ ತಾಳಕ್ಕೆ ಮಾತಾಡಿದರೆ ಅವನು ಎಲ್ಲೂ ತಡೆಯುತ್ತಿರಲಿಲ್ಲ. ದಿನವೂ ಹಾಗೇ ಅಭ್ಯಾಸ ಮಾಡಿಸಿದೆ.

ಹೆಣ್ಣಿನ ಕಡೆಯವರು ಬಂದು ಚಾಪೆಯ ಮೇಲೆ ಕೂತರು. ತಂದೆ ಗಿರಿಜಾ ಮೀಸೆಯ ಆಳು. "ಏಮಪ್ಪಾ, ಎಷ್ಟು ದಿನಕ್ಕೊಂದು ಸೀರೆ ಇಳಿಸ್ತೀಯ?" ಎಂದರು. ಯುವಕನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅವನ ತಾಯಿ ಕಣ್ಣು ಮುಚ್ಚಿಕೊಂಡಳು. ಏನೂ ತೋಚದೆ, ಕೂತಲ್ಲೇ ಹಿಮ್ಮಡಿಯಿಂದ ನೆಲಕ್ಕೆ ಮಗ್ಗದ ತಾಳ ಬಡಿಯತೊಡಗಿದೆ. ಟಕ್ ಟಕ್, ಟಕ್ ಟಕ್.

ಯುವಕ ಆ ತಾಳ ಹಿಡಿದುಕೊಂಡ. ಸೀರೆ, ಅಂಚು, ಸೆರಗು, ಬಣ್ಣ ಎಲ್ಲವನ್ನೂ ಸರಾಗವಾಗಿ ಹೇಳಿದ. ಮೀಸೆ ಅರಳಿತು, ಒಪ್ಪಿಗೆಯೂ ಆಯಿತು. ಆದರೆ ನನ್ನ ಕಾಲು ಮಾತ್ರ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ತಾಳವಾಗಿ ಉಳಿದಿರಲಿಲ್ಲ, ನಡುಕವಾಗಿತ್ತು.

ಮಾವ ನನ್ನತ್ತ ತಿರುಗಿದರು. "ನೀವು ಯಾರು, ಸ್ವಾಮಿ?"

"ನಾ... ನಾ... ನಾನು..." ಎಂದೆ. ಮುಂದಕ್ಕೆ ಹೊರಡಲಿಲ್ಲ.

ಅವರು ಮರುಕದಿಂದ ಅಳಿಯನ ಕಡೆ ಬಾಗಿ, "ಪಾಪ, ಹುಟ್ಟಿನಿಂದ ಹಿಂಗೇನಾ?" ಎಂದು ಕೇಳಿದರು.

ಅಳಿಯ ಒಂದಕ್ಷರವೂ ತಡೆಯದೆ ಹೇಳಿದ: "ಮೊದ್ಲಿಗಿಂತ ಈಗ ಎಷ್ಟೋ ವಾಸಿ, ಮಾವ. ದಿನಾ ನಮ್ಮ ಮಗ್ಗದ ಹತ್ರ ಕೂರಿಸ್ಕೊಂಡು ಮಾತಾಡಿಸ್ತಾ ಇದ್ದೀನಿ."