ಕೆಂಪು ಚುಕ್ಕೆಯ ಕಾರ್ಡು

ಗಂಡಸಿಗೆ ಒಂದು ಹೆಂಡತಿ, ಒಂದು ಕಾರ್ಡು ಸಾಕು. ಎರಡನೆಯದು ಯಾವುದು ಬಂದರೂ ನೆಮ್ಮದಿ ಹಾಳು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ (ಕಾರ್ಡಿನ ಅನುಭವ ಮಾತ್ರ).

ನಾನು ಪೇಂಟಿಂಗ್ ಕಾಂಟ್ರಾಕ್ಟರು. ಮನೆಗಳಿಗೆ ಬಣ್ಣ ಹೊಡೆಸಿಕೊಂಡು ಹೇಗೋ ಇದ್ದವನಿಗೆ ಮೊದಲ ಸಲ ಒಂದು ಕಂಪನಿಯ ಆಫೀಸು ಸಿಕ್ಕಿತು. ಕೆಲಸ ಒಪ್ಪವಾಗಿ ಮುಗಿದರೆ ಅವರ ಇನ್ನೊಂದು ಕಟ್ಟಡವೂ ನನಗೇ. ಬಣ್ಣ, ಬ್ರಷ್ಷು, ಏಣಿ ಬಾಡಿಗೆ ಎಲ್ಲಕ್ಕೂ ಅಂತ ಕಂಪನಿಯವರೇ ಒಂದು ಬ್ಯಾಂಕ್ ಕಾರ್ಡು ಕೊಟ್ಟರು. ಕೊಡುವಾಗ ಅಕೌಂಟ್ಸ್ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಇದರಲ್ಲಿ ನಿಮ್ಮ ಮನೆಗೆ ಒಂದು ಬೆಂಕಿಪೊಟ್ಟಣ ತಗೊಂಡ್ರೂ ಕಾಂಟ್ರಾಕ್ಟ್ ಅಲ್ಲಿಗೇ ಮುಗೀತು" ಅಂದರು. ಆಮೇಲೆ ಮೂರು ದಿನ ನನಗೆ ಬೆಂಕಿಪೊಟ್ಟಣ ಕಂಡರೇ ಎದೆ ಡವಡವ.

ತೊಂದರೆ ಏನೆಂದರೆ, ನಮ್ಮ ಮನೆಯ ಕಾರ್ಡೂ ಅದೇ ಬ್ಯಾಂಕಿನದು, ಅದೇ ನೀಲಿ ಬಣ್ಣ, ಅದರ ಮೇಲೂ ನನ್ನದೇ ಹೆಸರು. ಗುಟ್ಟಿನ ನಂಬರನ್ನೂ ಎರಡಕ್ಕೂ ಒಂದೇ ಇಟ್ಟಿದ್ದೆ, ಯಾಕೆಂದರೆ ನನ್ನ ತಲೆಯಲ್ಲಿ ಎರಡಕ್ಕೆ ಜಾಗವಿಲ್ಲ. ಆದರೆ ಬುದ್ಧಿಗೇನೂ ಬರ ಇರಲಿಲ್ಲ. ಮೊದಲ ದಿನವೇ ಕಂಪನಿ ಕಾರ್ಡಿನ ಮೂಲೆಗೆ ಕೈಗೆ ಸಿಕ್ಕ ಡಿಸ್ಟೆಂಪರಿನಿಂದ ಒಂದು ಕೆಂಪು ಚುಕ್ಕೆ ಇಟ್ಟೆ. ಚುಕ್ಕೆ ಇದ್ದದ್ದು ಕಂಪನಿಯದು, ಇಲ್ಲದ್ದು ಮನೆಯದು. ಮಗುವಿಗೂ ಅರ್ಥವಾಗುವ ವ್ಯವಸ್ಥೆ.

ಮನೆ ಕಾರ್ಡಿನ ಮೆಸೇಜುಗಳು ಹೋಗುವುದು ನನ್ನವಳ ಫೋನಿಗೆ (ಮದುವೆಯ ಹೊಸತರಲ್ಲಿ ನಾನೇ ಮಾಡಿಸಿಕೊಟ್ಟದ್ದು, ಪ್ರೀತಿ ಕುರುಡು). ನಾನು ಬಣ್ಣದ ಖರೀದಿ ಶುರು ಮಾಡುವ ಮೊದಲೇ ಒಂದು ದಿನ ಅವಳು ಎರಡೂ ಕಾರ್ಡು ಹಿಡಿದುಕೊಂಡು ಬಂದು ಏನೋ ಹೇಳತೊಡಗಿದಳು. ನಾನು ಫೋನಿನಲ್ಲಿದ್ದೆ. ಕೈ ಅಡ್ಡ ಮಾಡಿ, "ವ್ಯವಹಾರದ ವಿಷಯಕ್ಕೆ ನೀನು ಬಾಯಿ ಹಾಕಬೇಡ" ಅಂದೆ. ಹದಿನೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಕೆಲಸ ಮುಕ್ಕಾಲು ಮುಗಿದಿತ್ತು. ಒಂದು ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಕೆನೆಬಣ್ಣದ ಹೊಸ ಸೋಫಾ. ಅದರ ಮೇಲೆ ನಮ್ಮತ್ತೆ, ಪಟ್ಟಾಭಿಷೇಕ ಆದವರ ಹಾಗೆ.

ಯಾವ ಕಾರ್ಡಿನಲ್ಲಿ ತಂದೆ ಅಂತ ಹೆಂಡತಿಯನ್ನು ಕೇಳಿದೆ.

"ಬೆಳಿಗ್ಗೆ ನಿಮ್ಮ ಜೇಬಿಂದ ತಗೊಂಡಿದ್ದೆ. ಕೆಂಪು ಚುಕ್ಕೆ ಇತ್ತಲ್ಲ, ಅದರಲ್ಲಿ" ಅಂದಳು.

ಕೆಂಪು ಚುಕ್ಕೆ ಅಂದರೆ ಕಂಪನಿಯ ಕಾರ್ಡು. ಬೈಯೋಣವೆಂದರೆ, ಬಾಯಿ ಹಾಕಬೇಡ ಅಂದವನು ನಾನೇ. ಕಾರ್ಡುಗಳನ್ನು ಎಲ್ಲರ ಕೈಗೆ ಸಿಗುವ ಹಾಗೆ ಇಟ್ಟವನೂ ನಾನೇ. ಅಷ್ಟರಲ್ಲಿ ಫೋನು ಬಂತು. ಅಕೌಂಟ್ಸ್ ಮೇಡಂ. ಬೆಳಿಗ್ಗೆ ಬನ್ನಿ, ಕಾರ್ಡಿನ ವಿಷಯ ಮಾತಾಡಬೇಕು, ಕಾರ್ಡು ತಗೊಂಡೇ ಬನ್ನಿ ಅಂದು ಇಟ್ಟುಬಿಟ್ಟರು. ಆ ರಾತ್ರಿ ನಾನು ಊಟಕ್ಕೂ ನೆಲದ ಮೇಲೆ ಕೂತೆ, ನಿದ್ದೆಗೂ ನೆಲದ ಮೇಲೆ ಬಿದ್ದುಕೊಂಡೆ. ನಿದ್ದೆ ಬರಲಿಲ್ಲ. ಕಂಪನಿಯ ಆಸ್ತಿ ಮುಟ್ಟಲು ಭಯ.

ಬೆಳಗಾಗುವಷ್ಟರಲ್ಲಿ ಉಪಾಯ ಹೊಳೆಯಿತು. ಸೋಫಾವನ್ನೇ ತೆಗೆದುಕೊಂಡು ಹೋಗಿ ಕಂಪನಿಗೆ ಒಪ್ಪಿಸಿಬಿಡುವುದು. ಪ್ರಾಮಾಣಿಕತೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಹೆಂಡತಿ ಕೆಲಸಕ್ಕೆ ಹೋಗುವವರೆಗೆ ಕಾದು, ನನ್ನ ಇಬ್ಬರು ಪೇಂಟರುಗಳನ್ನು ಟೆಂಪೋ ಸಮೇತ ಕರೆಸಿದೆ. ಆದರೆ ಅತ್ತೆ ಏಳಬೇಕಲ್ಲ?

"ಸ್ವಲ್ಪ ಏಳಿ ಅತ್ತೆ, ಕಾಲಿಗೆ ಪಾಲಿಶ್ ಮಾಡಿಸ್ಬೇಕು."

"ನನ್ನ ಕಾಲಿಗಾ ಅಳಿಯಂದ್ರೇ?"

ಸೋಫಾದ ಕಾಲಿಗೆ ಎಂದು ಬಿಡಿಸಿ ಹೇಳಿ, ಅವರನ್ನು ಎಬ್ಬಿಸಿ ಕುರ್ಚಿಗೆ ಸ್ಥಳಾಂತರಿಸುವಷ್ಟರಲ್ಲಿ ಬೆವರು ಕಿತ್ತು ಬಂತು. ಟೆಂಪೋದಲ್ಲಿ ಆಫೀಸಿನ ಬಾಗಿಲುಗಳಿಗೆ ಬೇಕಿದ್ದ ಬೂದು ಎಣ್ಣೆಬಣ್ಣದ ಡಬ್ಬಗಳಿದ್ದವು. ಅವನ್ನು ಒತ್ತರಿಸಿ, ಸೋಫಾ ತುರುಕಿ ಹೊರಟೆವು.

ಮೇಡಂ ಬಾಯಿ ತೆರೆಯುವ ಮೊದಲೇ ನಾನು ಶುರು ಹಚ್ಚಿಕೊಂಡೆ. ತಪ್ಪಾಯಿತು, ಮನೆಯವಳಿಗೆ ಗೊತ್ತಾಗಲಿಲ್ಲ, ಸೋಫಾ ಕೆಳಗೆ ಟೆಂಪೋದಲ್ಲೇ ಇದೆ, ನೀವೇ ಇಟ್ಟುಕೊಳ್ಳಿ, ಕಾಂಟ್ರಾಕ್ಟ್ ಮಾತ್ರ ಕಿತ್ತುಕೊಳ್ಳಬೇಡಿ ಅಂತ ಕೈ ಮುಗಿದೆ. ಕಣ್ಣಲ್ಲಿ ನೀರೂ ಬಂತು, ಅದು ನಾಟಕವಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಯಾವ ಸೋಫಾ? ಈ ಕಾರ್ಡ್ ಕೊಟ್ಟಾಗಿಂದ ಇದರಲ್ಲಿ ಒಂದು ಪೈಸೆನೂ ಖರ್ಚಾಗಿಲ್ಲ. ಗೋಡೆಗಳಿಗೆ ಮಾತ್ರ ದಿನಾ ಬಣ್ಣ ಬೀಳ್ತಿದೆ. ಹೇಗಪ್ಪಾ ಅಂತ ಕೇಳೋಕೇ ಕರೆದದ್ದು."

ನಾನು ಎರಡೂ ಕಾರ್ಡು ಮೇಜಿನ ಮೇಲಿಟ್ಟೆ. ಚುಕ್ಕೆಯಿಲ್ಲದ ಕಾರ್ಡನ್ನು ಅವರು ಬೆರಳಿನಿಂದ ತೋರಿಸಿದರು. ನನ್ನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಕಂಪನಿಯ ಹೆಸರು. ಮೂಲೆಯಲ್ಲಿ ನನ್ನ ಡಿಸ್ಟೆಂಪರಿನ ಗುರುತೂ ಇಲ್ಲ. ಹತ್ತು ವರ್ಷ ಬಾಳಿಕೆ ಬರುತ್ತದೆ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗುವ ಬಣ್ಣ, ನನ್ನದೇ ಜೇಬಿನ ಬೆವರಿಗೆ ಕರಗಿಹೋಗಿತ್ತು. ಹಾಗಾದರೆ ಇನ್ನೊಂದರ ಮೇಲಿನ ಚುಕ್ಕೆ?

ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದೆ.

"ಅದು ನನ್ನ ನೇಲ್ ಪಾಲಿಶು. ಎರಡೂ ಒಂದೇ ಥರ ಇದ್ವು, ನೀವು ಅದಲು ಬದಲು ಮಾಡ್ಬಾರ್ದು ಅಂತ ಮನೆ ಕಾರ್ಡಿಗೆ ನಾನೇ ಇಟ್ಟೆ. ಹೇಳೋಕೆ ಬಂದ್ರೆ ಬಾಯಿ ಹಾಕಬೇಡ ಅಂದ್ರಿ."

"ಮತ್ತೆ ಬಣ್ಣದ ಅಂಗಡಿ ಮೆಸೇಜೆಲ್ಲ ನಿನಗೇ ಬರ್ತಿತ್ತಲ್ಲೇ?"

"ಬರ್ತಿತ್ತು. ನಮ್ಮ ಕೈಯಿಂದ ಹಾಕಿ ಆಮೇಲೆ ವಸೂಲಿ ಮಾಡೋದು ನಿಮ್ಮ ವ್ಯವಹಾರ ಇರ್ಬೇಕು ಅಂದ್ಕೊಂಡೆ. ನೋಡ್ತಾ ನೋಡ್ತಾ ದುಡ್ಡೆಲ್ಲ ಗೋಡೆಗೆ ಹೋಗ್ತಿತ್ತು. ಉಳಿದದ್ದೂ ಬಣ್ಣ ಆಗೋ ಮುಂಚೆ ಸೋಫಾ ಮಾಡ್ಬಿಟ್ಟೆ."

ಮೇಡಂ ನಗು ತಡೆದುಕೊಂಡು, ಬಿಲ್ಲುಗಳನ್ನು ತನ್ನಿ, ನಿಮ್ಮ ಹಣ ವಾಪಸು ಕೊಡುತ್ತೇವೆ ಅಂದರು. ಇನ್ನೊಂದು ಕಟ್ಟಡವೂ ನಿಮಗೇ, ಸ್ವಂತ ದುಡ್ಡು ಹಾಕಿ ಕೆಲಸ ಮಾಡುವ ಕಾಂಟ್ರಾಕ್ಟರು ಎಲ್ಲಿ ಸಿಗುತ್ತಾರೆ ಅಂದರು. ಬಿಲ್ಲುಗಳಲ್ಲಿ ಅರ್ಧದಷ್ಟನ್ನು ಬ್ರಷ್ಷು ಒರೆಸಲು ಬಳಸಿದ್ದೆ ಎಂಬುದನ್ನು ನಾನು ಆಗ ಬಾಯಿಬಿಡಲಿಲ್ಲ. ಕಾಂಟ್ರಾಕ್ಟು ಉಳಿಯಿತಲ್ಲ, ಸೋಫಾವೂ ನಮ್ಮದೇ ಆಯಿತಲ್ಲ ಅಂತ ಹಗುರಾಗಿ ಮೆಟ್ಟಿಲು ಇಳಿದು ಬಂದೆ.

ಕೆಳಗೆ ಪೇಂಟರುಗಳಿಬ್ಬರೂ ಟೆಂಪೋದ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ದಾರಿಯ ಕುಲುಕಾಟಕ್ಕೆ ಒಂದು ಡಬ್ಬದ ಮುಚ್ಚಳ ಕಿತ್ತು ಬಂದಿತ್ತು.

ಸಂಜೆ ಸೋಫಾ ಮತ್ತೆ ನಡುಮನೆಗೆ ಬಂತು. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕಾಲಿಗೆ ಅಂದಿದ್ರಿ ಅಳಿಯಂದ್ರೇ, ಬೆನ್ನಿಗೆ ಹಚ್ಸಿದ್ದೀರಿ" ಅಂದು ಕುರ್ಚಿಗೆ ಹೋದರು.

ಹೆಂಡತಿ ಆ ಬೂದು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಈ ಸಲ ಗುರುತು ಗಟ್ಟಿಯಾಗಿ ಹಾಕಿದ್ದೀರಿ" ಅಂದಳು. "ಇದು ಅಳಿಸಲ್ಲ."